ಕುಟ್ಟಿದರೆ ಬರೀ ಪುಡಿಯಾಗುವುದಿಲ್ಲ

ದಸರಾ ರಜೆಗೆ ಬೆಂಗಳೂರಿನಿಂದ ಹಿರೇಕೆರೂರಿಗೆ ಬಂದ ಮೊಮ್ಮಗಳಿಗೆ ಮೊದಲ ದಿನವೇ ಒಂದು ಕೆಲಸ ಸಿಕ್ಕಿತು. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರುವುದು. ಹೋಗುವಾಗ ಡಬ್ಬಿ ಹೊತ್ತವನು ನಾನು. ಬರುವಾಗ ಹಟ ಮಾಡಿ ಡಬ್ಬಿಯನ್ನು ತಾನೇ ತಬ್ಬಿಕೊಂಡಳು. ನಾಲ್ಕು ಹೆಜ್ಜೆ ಹಾಕಿದವಳು ನಿಂತೇಬಿಟ್ಟಳು.

"ಅಜ್ಜಾ, ಹಿಟ್ಟು ಬಿಸಿ ಇದೆ! ಅವರು ಒಲೆ ಮೇಲೆ ಇಡಲೇ ಇಲ್ಲವಲ್ಲ?"

ಕಲ್ಲಿಗೆ ಕಲ್ಲು ತಿಕ್ಕಿದಾಗ ಶಾಖ ಹುಟ್ಟುತ್ತದೆ ಎಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮನೆಗೆ ಬಂದರೆ, ಎಂಬತ್ತು ದಾಟಿದ ನಮ್ಮವ್ವ ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ ಎಂದಿನ ತಕರಾರು ತೆಗೆದಳು.

"ಗಿರಣಿ ಹಿಟ್ಟು ನೀರು ಭಾಳ ಕುಡಿತೈತಿ. ಬೀಸೂ ಕಲ್ಲಿಂದು ಹಂಗಿರಲಿಲ್ಲ. ಕಲ್ಲು ಬದಲಾದ್ರ ಹಿಟ್ಟೂ ಬದಲಾಗ್ತೈತಿ."

"ಜೋಳ ಅದೇ ಅಲ್ಲೇನಬೇ? ಪುಡಿ ಮಾಡಿದ್ರ ಏನ್ ಬದಲಾಗ್ತೈತಿ?" ಎಂದೆ, ಅಭ್ಯಾಸಬಲದಿಂದ.

ಆ ಅಭ್ಯಾಸ ಎಲ್ಲಿಯದು ಎಂಬುದನ್ನು ಹೇಳಿಬಿಡುತ್ತೇನೆ. ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಒಂದೇ ವಾಕ್ಯ ಬರೆದವನು: 'ವಸ್ತುವನ್ನು ಪುಡಿ ಮಾಡುವುದು ಭೌತಿಕ ಬದಲಾವಣೆ. ಗಾತ್ರ ಬದಲಾಗುತ್ತದೆ, ವಸ್ತು ಬದಲಾಗುವುದಿಲ್ಲ.' ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಸಕ್ರಿ ಪುಡಿ ಮಾಡಿದ್ರ ಒಳಗಿನ ಹರಳು ಎಲ್ಲಿ ಹೋಗ್ತಾವ್ರೀ?" ಎಂದು ಕೇಳಿದ್ದಳು. "ಎಲ್ಲೂ ಹೋಗೂದಿಲ್ಲ, ಸಣ್ಣ ಆಗ್ತಾವ, ಕೂತ್ಕೋ" ಎಂದಿದ್ದೆ. ಆಕೆ ಕೂತಳು. ನಿವೃತ್ತನಾದ ಮೇಲೆ ಲೋಹಗಳ ಬಗ್ಗೆ ಓದುತ್ತಾ ಹೋದಂತೆ, ಆ ಹುಡುಗಿಯನ್ನು ಅಷ್ಟು ಬೇಗ ಕೂರಿಸಬಾರದಿತ್ತು ಅನಿಸತೊಡಗಿತು. ಯಾಕೆಂದರೆ ಜೋರಾಗಿ, ಬಹಳ ಹೊತ್ತು ಕುಟ್ಟಿದರೆ ಹರಳುಗಳು ನಿಜಕ್ಕೂ 'ಹೋಗುತ್ತವೆ'. ಗಟ್ಟಿ ಲೋಹದ ಒಳಗಿನ ಹರಳೂ ಹೋಗುತ್ತದೆ.

ಮಕ್ಕಳೇ, ಹರಳು ಅಂದರೆ ಉಂಗುರದ ಕೆಂಪು ಕಲ್ಲು, ಕಲ್ಲುಸಕ್ಕರೆ ಎಂದಷ್ಟೇ ತಿಳಿಯಬೇಡಿ. ಅಡುಗೆಮನೆಯ ಕಬ್ಬಿಣದ ಹಂಚು, ಹಿತ್ತಾಳೆಯ ಬಿಂದಿಗೆ, ಅಲ್ಯೂಮಿನಿಯಂ ಪಾತ್ರೆ ಇವೆಲ್ಲದರ ಒಳಗೂ ಸಣ್ಣ ಸಣ್ಣ ಹರಳುಗಳೇ ಒತ್ತೊತ್ತಾಗಿ ಕೂತಿವೆ. ಹರಳು ಎಂದರೆ ಪರಮಾಣುಗಳು ಸಾಲಾಗಿ, ಲೆಕ್ಕವಾಗಿ ನಿಂತಿರುವ ಜಾಗ. ಅಷ್ಟೇ ಅದರ ಅರ್ಥ.

ಸ್ವಾತಂತ್ರ್ಯ ದಿನಾಚರಣೆಗೆ ತಾಲ್ಲೂಕು ಮೈದಾನದಲ್ಲಿ ಎರಡು ಶಾಲೆಯ ಮಕ್ಕಳು ಸೇರಿದ್ದಾರೆ ಎಂದುಕೊಳ್ಳಿ. ಒಂದು ಶಾಲೆಗೆ ಬಿಳಿ ಅಂಗಿ, ಇನ್ನೊಂದಕ್ಕೆ ನೀಲಿ ಅಂಗಿ. ಡ್ರಿಲ್ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ, ಆದರೆ ಯಾರ ಪಕ್ಕ ಯಾರು ಎಂದು ನೋಡುವುದಿಲ್ಲ. ಬಿಳಿ, ಬಿಳಿ, ನೀಲಿ, ಬಿಳಿ, ನೀಲಿ, ನೀಲಿ... ಸಾಲು ನೆಟ್ಟಗಿದೆ, ಬಣ್ಣ ಮಾತ್ರ ಹೇಗೆ ಬೇಕೋ ಹಾಗೆ. ಸಾಧಾರಣ ಮಿಶ್ರಲೋಹ ಎಂದರೆ ಇದು. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಬಹುಮಟ್ಟಿಗೆ ಹೀಗೇ ಬೆರೆತಿರುತ್ತವೆ.

ಇನ್ನೊಬ್ಬ ಮೇಷ್ಟ್ರು ಬರುತ್ತಾರೆ, ಬಲು ಶಿಸ್ತಿನವರು. ಬಿಳಿ ಅಂಗಿಯವನ ಅಕ್ಕಪಕ್ಕ, ಹಿಂದೆ ಮುಂದೆ ನೀಲಿಯವರೇ ಇರಬೇಕು, ನೀಲಿಯವನ ಸುತ್ತ ಬಿಳಿಯವರೇ ಇರಬೇಕು ಎನ್ನುತ್ತಾರೆ. ಈಗ ಶಾಲೆಯ ಮಾಳಿಗೆ ಹತ್ತಿ ನೋಡಿದರೆ ಇಡೀ ಮೈದಾನ ಚದುರಂಗದ ಹಾಸಿನಂತೆ ಕಾಣುತ್ತದೆ. ಎರಡು ಲೋಹಗಳು ಹೀಗೆ ಲೆಕ್ಕವಾಗಿ, ಪ್ರತಿಯೊಂದಕ್ಕೂ ತನ್ನದೇ ಜಾಗ ಎಂದು ಹಂಚಿಕೊಂಡು ನಿಂತರೆ ಅದನ್ನು ಇಂಟರ್‌ಮೆಟಾಲಿಕ್ ಎನ್ನುತ್ತಾರೆ. ಕನ್ನಡದಲ್ಲಿ ಅಂತರಲೋಹ ಎನ್ನಬಹುದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಮಪಾಲಾಗಿ ಸೇರಿದಾಗ, ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿ ಕಬ್ಬಿಣ, ನಟ್ಟನಡುವೆ ಅಲ್ಯೂಮಿನಿಯಂ. ಪ್ರತಿ ಪರಮಾಣುವಿಗೂ ಎಂಟು ನೆರೆಯವರು, ಎಂಟೂ ಬೇರೆ ಲೋಹದವರು. ಮೂರು ಪಾಲು ನಿಕಲ್ ಮತ್ತು ಒಂದು ಪಾಲು ಅಲ್ಯೂಮಿನಿಯಂ ಸೇರಿದರೆ ಇನ್ನೊಂದು ಬಗೆಯ ವಿನ್ಯಾಸ: ಮೂಲೆಗಳಲ್ಲಿ ಅಲ್ಯೂಮಿನಿಯಂ, ಆರೂ ಮುಖಗಳ ನಡುವೆ ನಿಕಲ್.

ಈ ಎರಡನೆಯದು ಆಕಾಶದಲ್ಲಿ ಹಾರುವ ವಸ್ತು. ಜೆಟ್ ಎಂಜಿನ್ನಿನ ಕೆಂಡದಂಥ ಬಿಸಿಯಲ್ಲಿ ತಿರುಗುವ ಬ್ಲೇಡುಗಳಿಗೆ ಬಲ ಕೊಡುವುದು ಈ ನಿಕಲ್-ಅಲ್ಯೂಮಿನಿಯಂ ಹರಳುಗಳೇ. ಬೇರೆ ಲೋಹಗಳು ಕಾದಂತೆಲ್ಲ ಮೆತ್ತಗಾದರೆ ಇದು ಒಂದು ಹಂತದವರೆಗೆ ಕಾದಷ್ಟೂ ಗಟ್ಟಿಯಾಗುತ್ತದೆ. ಅದರ ಶಿಸ್ತು ಎಂಥದೆಂದರೆ, ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಹೊತ್ತಿನವರೆಗೂ ಪರಮಾಣುಗಳು ತಂತಮ್ಮ ಜಾಗ ಬಿಟ್ಟುಕೊಡುವುದಿಲ್ಲ. ಬೆಂಕಿಗೆ ಜಗ್ಗದ ಈ ಸಾಲನ್ನು ತಣ್ಣಗಿನ ಕೋಣೆಯಲ್ಲಿ, ಒಲೆಯೇ ಇಲ್ಲದೆ, ಬರೀ ಕುಟ್ಟಿ ಕೆಡಿಸಬಹುದು!

ಇದನ್ನು ಕೇಳಿ ಮೊಮ್ಮಗಳು ನಮ್ಮ ಹಿತ್ತಲಿನ ಒಳಕಲ್ಲು ನೋಡಿದಳು. ಒನಕೆ ಸಾಕಾಗುವುದಿಲ್ಲ ಎಂದೆ.

ಕುಟ್ಟುವ ಯಂತ್ರ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಅದಿರನ್ನು ಜಜ್ಜಲು ಸ್ಟ್ಯಾಂಪ್ ಮಿಲ್ ಇತ್ತು. ಸಾಲಾಗಿ ನಿಂತ ಭಾರೀ ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಬೀಳುತ್ತಿದ್ದವು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಅದಿರು ಅರೆಯುವುದು ಬಾಲ್ ಮಿಲ್‌ನಲ್ಲಿ. ದೊಡ್ಡ ಉರುಳೆಯೊಳಗೆ ಅದಿರು, ಅದರ ಜೊತೆ ಉಕ್ಕಿನ ಗುಂಡುಗಳು. ಉರುಳೆ ತಿರುಗಿದಂತೆ ಗುಂಡುಗಳು ಮೇಲೇರಿ ದಬದಬ ಬೀಳುತ್ತವೆ, ಕಲ್ಲು ನುಗ್ಗಾಗುತ್ತದೆ. ಸಿಮೆಂಟು, ಬಣ್ಣ, ಪಿಂಗಾಣಿ ಮಣ್ಣು ಎಲ್ಲಕ್ಕೂ ಇದೇ ಉಪಾಯ.

ಲೋಹದ ಪುಡಿಯನ್ನು ಅರೆಯುವ ಪ್ರಯೋಗಶಾಲೆಯ ಮಿಲ್ ಇದರ ಮೊಮ್ಮಗು. ಆಕಾರದಲ್ಲಿ ಕಿರಿದು, ಸಿಟ್ಟಿನಲ್ಲಿ ಹಿರಿದು! ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಉಕ್ಕಿನ ಡಬ್ಬಿ, ಒಳಗೆ ಗೋಲಿಯಂಥ ಗುಂಡುಗಳು. 10 ಗ್ರಾಂ ಪುಡಿಗೆ ಸುಮಾರು 100 ಗ್ರಾಂ ಗುಂಡು ಎಂಬುದು ಸಾಮಾನ್ಯ ಲೆಕ್ಕ. ಭೂಮಿ ತನ್ನ ಸುತ್ತಲೂ ತಿರುಗುತ್ತಾ ಸೂರ್ಯನನ್ನೂ ಸುತ್ತುವುದಿಲ್ಲವೇ? ಹಾಗೇ ಈ ಡಬ್ಬಿ ತನ್ನ ಸುತ್ತ ತಿರುಗುತ್ತಾ ಒಂದು ದೊಡ್ಡ ತಟ್ಟೆಯ ಮೇಲೂ ಸುತ್ತುತ್ತದೆ. ಅದಕ್ಕೇ ಅದರ ಹೆಸರು ಪ್ಲಾನೆಟರಿ ಮಿಲ್, ಗ್ರಹದಂತೆ ಸುತ್ತುವ ಗಿರಣಿ. ನಿಮಿಷಕ್ಕೆ 300 ಸುತ್ತು, ಹತ್ತಾರು ಗಂಟೆ. ನಮ್ಮೂರ ಗಿರಣಿಯವರು ಹತ್ತು ನಿಮಿಷ ತಡವಾದರೆ ನಾವು ಗೊಣಗುತ್ತೇವೆ. ಅಲ್ಲಿ ಒಂದು ಚಮಚ ಹಿಟ್ಟಿಗೆ ಎರಡು ದಿನ ಕಾಯುವುದೂ ಉಂಟು.

ಈ ಕೆಲಸಕ್ಕೆ ಹೆಸರು ಬಂದದ್ದು 1966ರ ಸುಮಾರಿಗೆ. ಅಮೆರಿಕದಲ್ಲಿ ಇಂಕೋ ಎಂಬ ನಿಕಲ್ ಕಂಪನಿಯ ಪ್ರಯೋಗಶಾಲೆಯಲ್ಲಿ ಜಾನ್ ಬೆಂಜಮಿನ್ ಎಂಬ ವಿಜ್ಞಾನಿಗೆ ಒಂದು ತಲೆನೋವಿತ್ತು. ಎಂಜಿನ್ ಬ್ಲೇಡಿನ ಲೋಹದೊಳಗೆ ಆಕ್ಸೈಡಿನ ಅತಿ ನುಣ್ಣನೆ ಕಣಗಳನ್ನು ಎಲ್ಲೆಡೆ ಸಮನಾಗಿ ಹರಡಬೇಕು. ಕರಗಿಸಿ ಬೆರೆಸಿದರೆ ಅವು ಹಾಲಿನ ಮೇಲಿನ ಕೆನೆಯ ಹಾಗೆ ಮೇಲೆ ತೇಲಿ ಬೇರೆಯಾಗುತ್ತವೆ. ಹಾಗಾದರೆ ಕರಗಿಸುವುದೇ ಬೇಡ, ಪುಡಿಯನ್ನೇ ಒಟ್ಟಿಗೆ ಅರೆದುಬಿಡೋಣ ಎಂದು ಹೊರಟರು, ಯಶಸ್ವಿಯಾದರು. ಇದೇ ದಾರಿಯಲ್ಲಿ ಮಾಡಿದ ಉಕ್ಕನ್ನು ಮುಂದಿನ ಪೀಳಿಗೆಯ ಪರಮಾಣು ರಿಯಾಕ್ಟರುಗಳಿಗಾಗಿ ಇಂದು ಕಲ್ಪಾಕ್ಕಂ ಮತ್ತು ಹೈದರಾಬಾದಿನ ಪ್ರಯೋಗಶಾಲೆಗಳಲ್ಲಿ ಬೆಳೆಸುತ್ತಿದ್ದಾರೆ.

ಡಬ್ಬಿಯೊಳಗೆ ಏನಾಗುತ್ತದೆ? ಎರಡು ಗುಂಡುಗಳು ಡಿಕ್ಕಿ ಹೊಡೆಯುವಾಗ ನಡುವೆ ಸಿಕ್ಕ ಪುಡಿ ಚಪಾತಿಯ ಹಾಗೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ್ದು ಮತ್ತೆ ಏಟು ತಿಂದು ಒಡೆಯುತ್ತದೆ, ಒಡೆದದ್ದು ಮತ್ತೆ ಅಂಟುತ್ತದೆ. ಹೀಗೆ ಲಕ್ಷಾಂತರ ಸಲ. ಪ್ರತಿ ಸಲವೂ ಒಳಗಿನ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ.

ಈ ಜಾರುವಿಕೆಯಲ್ಲೇ ಗುಟ್ಟಿರುವುದು. ದೊಡ್ಡ ಜಮಖಾನೆಯನ್ನು ಪೂರ್ತಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿದರೆ ಜಮಖಾನೆ ಸಲೀಸಾಗಿ ಒಂದು ಗೇಣು ಸರಿಯುತ್ತದೆ. ಲೋಹದ ಹರಳಿನಲ್ಲೂ ಇಂಥ ಸುಕ್ಕುಗಳು ಓಡಾಡುತ್ತವೆ. ಸಾಧಾರಣ ಲೋಹದಲ್ಲಿ ಒಂದು ಸುಕ್ಕು ಓಡಿದರೆ ಹಿಂದೆ ಏನೂ ಉಳಿಯುವುದಿಲ್ಲ. ಆದರೆ ನಮ್ಮ ಚದುರಂಗದ ಮೈದಾನದಲ್ಲಿ? ಒಂದು ಸಾಲಿನ ಮಕ್ಕಳೆಲ್ಲ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಿಳಿಯ ಎದುರು ಬಿಳಿ, ನೀಲಿಯ ಎದುರು ನೀಲಿ ಬಂದುಬಿಡುತ್ತದೆ! ತಪ್ಪು ಸರಿಹೋಗಬೇಕಾದರೆ ಇನ್ನೊಂದು ಹೆಜ್ಜೆ ಸರಿಯಬೇಕು. ಅದಕ್ಕೇ ಅಂತರಲೋಹದಲ್ಲಿ ಸುಕ್ಕುಗಳು ಜೋಡೆತ್ತಿನ ಹಾಗೆ ಜೊತೆಯಾಗಿ ನಡೆಯುತ್ತವೆ. ಮುಂದಿನದು ಕೆಡಿಸುತ್ತದೆ, ಹಿಂದಿನದು ಸರಿಪಡಿಸುತ್ತದೆ.

ಗುಂಡುಗಳ ಏಟು ಎಲ್ಲ ದಿಕ್ಕಿನಿಂದಲೂ ಬಿದ್ದಾಗ ಈ ಜೋಡಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಬೇರೆಯಾಗುತ್ತವೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಡಿಸಿದ್ದು ಉಳಿಯುತ್ತದೆ, ಸರಿಪಡಿಸಬೇಕಾದದ್ದು ಬರುವುದೇ ಇಲ್ಲ. ಪರಮಾಣುಗಳು ತಾವಾಗಿ ನಡೆದು ತಮ್ಮ ಜಾಗಕ್ಕೆ ಮರಳಬಾರದೇ ಎಂದರೆ, ನಡೆಯಲು ಅವಕ್ಕೆ ಶಾಖ ಬೇಕು. ಕೋಣೆಯ ತಂಪಿನಲ್ಲಿ ಅವುಗಳ ಕಾಲು ಕಟ್ಟಿದಂತೆಯೇ ಸರಿ. ಕೆಲವು ಗಂಟೆ ಕಳೆಯುವಷ್ಟರಲ್ಲಿ ಬಿಳಿ ನೀಲಿ ಕಲಸಿಹೋಗಿರುತ್ತವೆ. ಹರಳು ಇನ್ನೂ ಇದೆ, ಸಾಲುಗಳೂ ಇವೆ. ಆದರೆ 'ಈ ಜಾಗ ನನ್ನದು' ಎಂಬ ಲೆಕ್ಕ ಹೋಗಿದೆ. ಅದೇ ಪುಡಿಯನ್ನು ಕೆಲವು ನೂರು ಡಿಗ್ರಿಗೆ ಕಾಯಿಸಿ ನೋಡಿ, ಪರಮಾಣುಗಳು ಮತ್ತೆ ತಮ್ಮ ಮನೆ ಸೇರುತ್ತವೆ. ಸೇರುವಾಗ ಅಷ್ಟು ಹೊತ್ತು ಒಳಗೆ ಅಡಗಿಸಿಟ್ಟುಕೊಂಡ ಏಟಿನ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಡುತ್ತವೆ. ಆ ಶಾಖವನ್ನು ಉಪಕರಣದಲ್ಲಿ ಅಳೆಯಬಹುದು. ಗಿರಣಿಯ ಏಟೆಲ್ಲ ಬಿಸಿಯಾಗಿ ಹಾರಿಹೋಗುವುದಿಲ್ಲ, ಒಂದಿಷ್ಟು ಪುಡಿಯೊಳಗೇ ಕೂತಿರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

"ಕಣ್ಣಿಗೆ ಕಾಣದೇ ಇದ್ದರೆ ನಂಬೋದು ಹೇಗೆ ಅಜ್ಜಾ?" ಎಂದಳು. ನ್ಯಾಯವಾದ ಪ್ರಶ್ನೆ. ಅಯಸ್ಕಾಂತದ ಕಥೆ ಅದಕ್ಕೇ ಇರುವುದು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

ನೂರು ಪರಮಾಣುಗಳಲ್ಲಿ 60 ಕಬ್ಬಿಣ, 40 ಅಲ್ಯೂಮಿನಿಯಂ ಇರುವ ಒಂದು ಅಂತರಲೋಹವಿದೆ. ತೂಕ ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು ಕಬ್ಬಿಣವೇ. ಆದರೂ ಅದರ ಹತ್ತಿರ ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ! ಕಬ್ಬಿಣದ ಪರಮಾಣು ಅಯಸ್ಕಾಂತದ ಗುಣ ತೋರಬೇಕಾದರೆ ಅದರ ಸುತ್ತ ಸಾಕಷ್ಟು ಕಬ್ಬಿಣದ ನೆರೆಯವರು ಬೇಕು. ಇಲ್ಲಿ ಶಿಸ್ತಿನ ಮೇಷ್ಟ್ರು ಪ್ರತಿ ಕಬ್ಬಿಣದ ಸುತ್ತ ಅಲ್ಯೂಮಿನಿಯಂ ಅನ್ನೇ ಹೆಚ್ಚಾಗಿ ನಿಲ್ಲಿಸಿಬಿಟ್ಟಿದ್ದಾರೆ. ಒಬ್ಬರಿಗೊಬ್ಬರು ಕೈ ಹಿಡಿಯಲಾರದೆ ಕಬ್ಬಿಣದವರು ಸುಮ್ಮನಾಗಿದ್ದಾರೆ. ಈ ಲೋಹವನ್ನು ಮಿಲ್‌ಗೆ ಹಾಕಿ ಚೆನ್ನಾಗಿ ಕುಟ್ಟಿ. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ. ಸಾಲು ಕಲಸಿತು, ಕಬ್ಬಿಣದ ಪಕ್ಕ ಕಬ್ಬಿಣ ಬಂತು. ಈಗ ಅಯಸ್ಕಾಂತ ಹಿಡಿದರೆ ಪುಡಿ ಟಪ್ಪನೆ ಹಾರಿ ಅಂಟಿಕೊಳ್ಳುತ್ತದೆ. ಹದವಾಗಿ ಕಾಯಿಸಿ ಆರಿಸಿದರೆ ಲೆಕ್ಕ ಮರಳಿ ಬಂದು ಅಂಟುವ ಗುಣ ಮಾಯ. 1960ರ ದಶಕದಿಂದಲೇ ವಿಜ್ಞಾನಿಗಳು ಇದನ್ನು ಅಳೆದು ನೋಡಿ ಬರೆದಿಟ್ಟಿದ್ದಾರೆ.

ನನ್ನ ಹಲಗೆಯ ಮೇಲಿನ ವಾಕ್ಯಕ್ಕೆ ಇದಕ್ಕಿಂತ ಜೋರಾದ ಏಟು ಬೇಕೆ? ಅದೇ ಲೋಹಗಳು, ಅದೇ ಪಾಲು, ಪುಡಿ ಮಾಡಿದ್ದಷ್ಟೇ. ಗುಣ ಬದಲಾಯಿತು.

ಪರಮಾಣುಗಳ ಸಾಲನ್ನು ನೋಡುವ ಕಣ್ಣು ಬೇರೆ ಇದೆ, ಅದು ಕ್ಷ-ಕಿರಣ. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲೌವೆ ಅವರ ತಂಡ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ ಫೋಟೊ ತಟ್ಟೆಯ ಮೇಲೆ ಚುಕ್ಕಿಗಳ ರಂಗೋಲಿ ಮೂಡಿತು. ಆ ರಂಗೋಲಿಯಿಂದ ಪರಮಾಣುಗಳ ಜಾಗ ಲೆಕ್ಕ ಹಾಕುವುದನ್ನು ಇಂಗ್ಲೆಂಡಿನ ತಂದೆ-ಮಗ, ವಿಲಿಯಂ ಬ್ರಾಗ್ ಮತ್ತು ಲಾರೆನ್ಸ್ ಬ್ರಾಗ್, ತೋರಿಸಿಕೊಟ್ಟರು. 1915ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಮಗನಿಗೆ ಆಗ 25 ವರ್ಷ. ಇವತ್ತು ಪುಡಿಯ ಮೇಲೆ ಕ್ಷ-ಕಿರಣ ಬಿಟ್ಟರೆ ಕಾಗದದ ಮೇಲೆ ಗುಡ್ಡಗಳ ಸಾಲಿನಂಥ ಗೆರೆ ಬರುತ್ತದೆ. ಚದುರಂಗದ ಲೆಕ್ಕ ಇದ್ದಾಗ ಮಾತ್ರ ಕಾಣುವ ಕೆಲವು ಸಣ್ಣ ಶಿಖರಗಳಿವೆ. ಮಿಲ್ ತಿರುಗಿದಂತೆ ಮೊದಲು ಮಾಯವಾಗುವವು ಅವೇ. ದೊಡ್ಡ ಶಿಖರಗಳು ಉಳಿಯುತ್ತವೆ, ಆದರೆ ಗೋಪುರದಂತೆ ಚೂಪಾಗಿದ್ದವು ಅಗಲವಾಗುತ್ತಾ ಹೋಗುತ್ತವೆ. ಹರಳುಗಳು ಚೂರಾಗಿ ಚಿಕ್ಕದಾಗುತ್ತಿವೆ ಎಂದರ್ಥ. ಕೊನೆಕೊನೆಗೆ ಒಂದೊಂದು ಹರಳು 10ರಿಂದ 20 ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ದಪ್ಪದಲ್ಲಿ ಅಂಥ ಹರಳುಗಳನ್ನು ಸಾವಿರಗಟ್ಟಲೆ ಸಾಲಾಗಿ ಇಡಬಹುದು.

ಕೆಲವು ಅಂತರಲೋಹಗಳು ಇಲ್ಲಿಗೆ ನಿಲ್ಲುತ್ತವೆ. ಇನ್ನು ಕೆಲವು ಮುಂದಕ್ಕೂ ಹೋಗುತ್ತವೆ. ಮೈದಾನದಲ್ಲಿ ಬಣ್ಣ ಕಲಸಿದ್ದಷ್ಟೇ ಅಲ್ಲ, ಸಾಲೇ ಮುರಿದು ಮಕ್ಕಳೆಲ್ಲ ಜಾತ್ರೆಯ ಜನದ ಹಾಗೆ ಗುಂಪುಗೂಡಿಬಿಟ್ಟರೆ? ಹರಳೆಂಬುದು ಪೂರ್ತಿ ಹೋಯಿತು. ಕಿಟಕಿಯ ಗಾಜಿನಲ್ಲಿ ಪರಮಾಣುಗಳು ಹೀಗೇ ಇರುತ್ತವೆ. ಆದ್ದರಿಂದ ಇಂಥ ಲೋಹಕ್ಕೆ ಲೋಹದ ಗಾಜು ಎಂದೇ ಹೆಸರು. ಕ್ಷ-ಕಿರಣದ ಗೆರೆಯಲ್ಲಿ ಆಗ ಶಿಖರವೇ ಇಲ್ಲ, ಎಮ್ಮೆಯ ಬೆನ್ನಿನಂಥ ಒಂದು ದಿಬ್ಬ ಮಾತ್ರ. ಲೋಹದ ಗಾಜು ಬೇಕಾದರೆ ಕರಗಿದ ಲೋಹವನ್ನು ಕಣ್ಣು ಮಿಟುಕಿಸುವುದರೊಳಗೆ ತಣ್ಣಗೆ ಮಾಡಬೇಕು ಎಂದು ಎಲ್ಲರೂ ನಂಬಿದ್ದ ಕಾಲವದು. 1981ರಲ್ಲಿ ರಷ್ಯಾದ ಯೆರ್ಮಾಕೊವ್ ಮತ್ತು ಸಂಗಡಿಗರು ಇಟ್ರಿಯಂ-ಕೋಬಾಲ್ಟ್ ಅಂತರಲೋಹವನ್ನು ಬರೀ ಅರೆದೇ ಗಾಜಾಗಿಸಿದರು. 1983ರಲ್ಲಿ ಅಮೆರಿಕದ ಕಾರ್ಲ್ ಕಾಕ್ ಮತ್ತು ಸಂಗಡಿಗರು ನಿಕಲ್ ಮತ್ತು ನಯೋಬಿಯಂ ಪುಡಿಗಳನ್ನು ಒಟ್ಟಿಗೆ ಕುಟ್ಟಿ ಗಾಜು ಮಾಡಿದರು. ಅದಾದ ಮೇಲೆ ಪ್ರಪಂಚದ ಲೋಹವಿಜ್ಞಾನಿಗಳೆಲ್ಲ ಗಿರಣಿಯವರಾದರು ಎಂದರೂ ನಡೆದೀತು.

ಅವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಲೋಹವಿಜ್ಞಾನ ವಿಭಾಗದ ಪ್ರಾಧ್ಯಾಪಕ ಎಸ್. ರಂಗನಾಥನ್ ಹರಳುಗಳ ದೊಡ್ಡ ವಿದ್ವಾಂಸರು. 1982ರಲ್ಲಿ ಡಾನ್ ಶೆಕ್ಟ್‌ಮನ್ ಕಂಡ, ಹರಳಿನ ಹಳೆಯ ಕಾನೂನಿಗೆ ಒಗ್ಗದ ವಿಚಿತ್ರ 'ಕ್ವಾಸಿ ಹರಳು'ಗಳ ಬಗ್ಗೆ ಬೆಂಗಳೂರಿನಲ್ಲಿ 1985ರಷ್ಟು ಹಿಂದೆಯೇ ಕೆಲಸ ನಡೆಸಿದವರಲ್ಲಿ ಅವರೂ ಒಬ್ಬರು. ಅವರ ಬಳಿ ಸಂಶೋಧನೆಗೆ ಬಂದ ಬಿ.ಎಸ್. ಮೂರ್ತಿ ಹಿಡಿದದ್ದು ಬಾಲ್ ಮಿಲ್ಲನ್ನು. ಮೂರ್ತಿಯವರು ಮುಂದೆ ಐಐಟಿ ಹೈದರಾಬಾದಿನ ನಿರ್ದೇಶಕರೂ ಆದರು.

ಆಗ ಇದ್ದ ಗೊಂದಲ ಅಡುಗೆಮನೆಯ ಹೆಂಗಸರಿಗೆ ಚೆನ್ನಾಗಿ ಅರ್ಥವಾದೀತು. ಒಂದು ಊರಿನ ಪ್ರಯೋಗಶಾಲೆಯಲ್ಲಿ ಇಷ್ಟು ಗಂಟೆ ಕುಟ್ಟಿದರೆ ಗಾಜು, ಇನ್ನೊಂದು ಊರಿನಲ್ಲಿ ಅದೇ ಪುಡಿಯನ್ನು ಅಷ್ಟೇ ಹೊತ್ತು ಕುಟ್ಟಿದರೂ ಗಾಜಿಲ್ಲ. ಮಿಲ್ ಬೇರೆ, ಗುಂಡು ಬೇರೆ, ವೇಗ ಬೇರೆ. 'ಹದವಾಗಿ ರುಬ್ಬಿ' ಎಂದು ಬರೆದ ಅಡುಗೆ ಪುಸ್ತಕದ ಗತಿ! ಮೂರ್ತಿ, ರಂಗನಾಥನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಂಟೆಯ ಲೆಕ್ಕ ಬಿಟ್ಟು ಏಟಿನ ಲೆಕ್ಕ ಹಿಡಿದರು. ಒಂದು ಗುಂಡಿನ ಒಂದು ಏಟಿನಲ್ಲಿ ಎಷ್ಟು ಶಕ್ತಿ, ಒಟ್ಟು ಪುಡಿಗೆ ಸೇರಿದ ಶಕ್ತಿ ಎಷ್ಟು ಎಂದು ಲೆಕ್ಕ ಹಾಕಿ ನಕ್ಷೆ ಬರೆದರು. ಅದಕ್ಕೆ 'ಮಿಲ್ಲಿಂಗ್ ನಕ್ಷೆ' ಎಂಬ ಹೆಸರು. ಅದರಲ್ಲಿ ಒಂದು ಕಿಟಕಿಯಂಥ ಜಾಗ ಕಂಡಿತು. ಏಟು ತೀರಾ ಹಗುರವಾದರೆ ಗಾಜಾಗುವುದಿಲ್ಲ. ತೀರಾ ಜೋರಾದರೂ ಆಗುವುದಿಲ್ಲ, ಏಕೆಂದರೆ ಜೋರೇಟಿನ ಬಿಸಿಗೆ ಪರಮಾಣುಗಳು ಎಚ್ಚೆತ್ತು ಮತ್ತೆ ಸಾಲುಗಟ್ಟುತ್ತವೆ. ನಡುವಿನ ಹದದಲ್ಲಿ ಮಾತ್ರ ಗಾಜು.

ಅವ್ವನಿಗೆ ಇದನ್ನು ಹೇಳಿದಾಗ ಆಕೆ ಆಶ್ಚರ್ಯಪಡಲಿಲ್ಲ. "ಬ್ಯಾಡಗಿ ಮೆಣಸಿನಕಾಯಿ ಕುಟ್ಟೂದೂ ಹಂಗ. ಅವಸರ ಮಾಡಿದ್ರ ಕಾಯಿ ಬಿಸಿಯಾಗಿ ಬಣ್ಣ ಕೆಡ್ತೈತಿ" ಎಂದಳು.

ಇಷ್ಟೆಲ್ಲ ಕುಟ್ಟಿ ಯಾರಿಗೇನು ಲಾಭ ಎಂದು ಕೇಳುವ ತಾತಂದಿರಿಗೆ ಒಂದು ಉದಾಹರಣೆ ಸಾಕು. ಹೈಡ್ರೋಜನ್ ಉರಿದರೆ ಹೊಗೆಯಿಲ್ಲ, ನೀರಷ್ಟೇ. ಆದರೆ ಆ ಅನಿಲವನ್ನು ತುಂಬಿಡುವುದೇ ಕಷ್ಟ. ಎರಡು ಪಾಲು ಮೆಗ್ನೀಷಿಯಂ, ಒಂದು ಪಾಲು ನಿಕಲ್ ಇರುವ ಅಂತರಲೋಹ ಸ್ಪಂಜು ನೀರು ಹೀರುವಂತೆ ಹೈಡ್ರೋಜನ್ ಹೀರಿಕೊಳ್ಳುತ್ತದೆ. 100 ಗ್ರಾಂ ಲೋಹದೊಳಗೆ ಸುಮಾರು ಮೂರೂವರೆ ಗ್ರಾಂ ಹೈಡ್ರೋಜನ್. ಕಡಿಮೆ ಎನಿಸುತ್ತದೆಯೇ? ಅಷ್ಟು ಹೈಡ್ರೋಜನ್ ಅನಿಲವಾಗಿ ಬಿಟ್ಟರೆ ಮೂರು ಬಿಂದಿಗೆ ತುಂಬೀತು. ಗಟ್ಟಿಯಾದ ಲೋಹ ಇದಕ್ಕೆ ಬೇಗ ಒಪ್ಪುವುದಿಲ್ಲ, ಚೆನ್ನಾಗಿ ಕಾಯಿಸಿ, ಮತ್ತೆ ಮತ್ತೆ ರೂಢಿ ಮಾಡಿಸಬೇಕು. ಮಿಲ್‌ನಲ್ಲಿ ಕುಟ್ಟಿ ಹರಳನ್ನು ನ್ಯಾನೋ ಗಾತ್ರಕ್ಕೆ ತಂದರೆ ಒಳಗೆ ಸಂದಿಗೊಂದಿಗಳು ಹೆಚ್ಚಿ, ಅನಿಲ ಅದೇ ದಾರಿ ಹಿಡಿದು ಬೇಗ, ಕಡಿಮೆ ಬಿಸಿಯಲ್ಲೇ ಒಳಸೇರುತ್ತದೆ. ಇನ್ನೂ ಅಗ್ಗವಾಗಿಲ್ಲ, ಕೆಲಸ ನಡೆದಿದೆ.

ತೊಂದರೆಗಳೂ ಇವೆ. ಬೀಸುವ ಕಲ್ಲಿನ ಹಿಟ್ಟಿನಲ್ಲಿ ಮರಳು ಸಿಕ್ಕು ಹಲ್ಲು ಕಟಕಟ ಅಂದದ್ದು ಹಿರಿಯರಿಗೆ ನೆನಪಿರಬಹುದು. ಇಲ್ಲೂ ಅದೇ: ಗುಂಡು ಮತ್ತು ಡಬ್ಬಿ ಸವೆದು ಉಕ್ಕಿನ ಚೂರು ಪುಡಿಗೆ ಬೆರೆಯುತ್ತದೆ. ಹೆಚ್ಚು ಹೊತ್ತು ಕುಟ್ಟಿದಷ್ಟೂ ಈ ಕಲಬೆರಕೆ ಹೆಚ್ಚು. ಇನ್ನು ನುಣ್ಣನೆ ಲೋಹದ ಪುಡಿ ಗಾಳಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಅದಕ್ಕೆ ಡಬ್ಬಿಯೊಳಗೆ ಗಾಳಿಯ ಬದಲು ಆರ್ಗಾನ್ ಅನಿಲ ತುಂಬುತ್ತಾರೆ. ಮನೆಯ ಮಿಕ್ಸಿಯಲ್ಲಿ ಇದನ್ನು ಮಾಡಿ ನೋಡೋಣ ಎಂದುಕೊಂಡ ಪುಟ್ಟ ವಿಜ್ಞಾನಿಗಳು ಈಗಲೇ ಆ ಆಸೆ ಬಿಡಿ!

ಕುಟ್ಟುವುದರಿಂದ ವಸ್ತು ಬದಲಾಗುತ್ತದೆ ಎಂಬುದು ನಮ್ಮ ಹಳಬರಿಗೆ ಪೂರ್ತಿ ಹೊಸತೇನಲ್ಲ. ವೈದ್ಯರು ಖಲ್ವದಲ್ಲಿ ಪಾದರಸ ಮತ್ತು ಗಂಧಕವನ್ನು ಗಂಟೆಗಟ್ಟಲೆ ಅರೆಯುತ್ತಿದ್ದರು. ಬೆಳ್ಳಿಯಂತೆ ಹೊಳೆಯುವ ಪಾದರಸ, ಹಳದಿ ಗಂಧಕ ಎರಡೂ ಹೋಗಿ ಕಾಡಿಗೆಯಂಥ ಕಪ್ಪು ಪುಡಿ ಉಳಿಯುತ್ತಿತ್ತು. ಅದಕ್ಕೆ ಕಜ್ಜಲಿ ಎಂದೇ ಹೆಸರು. ಒಲೆಯಿಲ್ಲದೆ, ಬರೀ ಅರೆದು ಎರಡು ವಸ್ತುಗಳಿಂದ ಮೂರನೆಯದು. ಪಾದರಸ ವಿಷ, ಮುಟ್ಟಬಾರದು ಎಂಬುದನ್ನು ಮಾತ್ರ ಮರೆಯಬೇಡಿ. ಸುಮಾರು 2,300 ವರ್ಷ ಹಿಂದೆ ಗ್ರೀಸಿನ ಥಿಯೋಫ್ರಾಸ್ಟಸ್ ಇದಕ್ಕೆ ತಿರುವುಮುರುವಾದದ್ದನ್ನು ಬರೆದಿದ್ದಾನೆ. ಇಂಗಳೀಕವನ್ನು ತಾಮ್ರದ ಕಲಬತ್ತಿನಲ್ಲಿ ಹುಳಿರಸದ ಜೊತೆ ಅರೆದು ಪಾದರಸ ಬಿಡಿಸುವುದು.

ಇನ್ನು ಜೋಳದ ಹಿಟ್ಟು. ಜೋಳದ ಕಾಳಿನೊಳಗೆ ಪಿಷ್ಟದ ಸಣ್ಣ ಸಣ್ಣ ಕಣಗಳಿವೆ. ಅವೂ ಅರೆಬರೆ ಹರಳುಗಳೇ, ಒಳಗೆ ಒಂದಿಷ್ಟು ಭಾಗ ಅಚ್ಚುಕಟ್ಟಾಗಿ ಜೋಡಿಸಿದಂತಿರುತ್ತದೆ. ವೇಗವಾಗಿ ತಿರುಗುವ ಕಲ್ಲುಗಳ ಒತ್ತಡಕ್ಕೆ ಸಿಕ್ಕರೆ ಈ ಜೋಡಣೆ ಜಜ್ಜಿಹೋಗುತ್ತದೆ. ಜಜ್ಜಿದ ಪಿಷ್ಟ ಇಡಿಯಾದ ಪಿಷ್ಟಕ್ಕಿಂತ ಹೆಚ್ಚು ನೀರು ಹೀರುತ್ತದೆ. ಹಿಟ್ಟಿನ ವ್ಯಾಪಾರದಲ್ಲಿ ಇದನ್ನು ಅಳೆಯುವ ಪರೀಕ್ಷೆಯೇ ಉಂಟು.

ಅಂದರೆ ಅವ್ವ ಹೇಳಿದ್ದು ಸರಿ. ಗಿರಣಿ ಹಿಟ್ಟು ನೀರು ಭಾಳ ಕುಡಿಯುತ್ತದೆ. ಬೀಸುವ ಕಲ್ಲು ಬಿಟ್ಟು ಗಿರಣಿಗೆ ಬಂದ ಆ ವರ್ಷದಿಂದ ಆಕೆ ಅದನ್ನೇ ಹೇಳುತ್ತಿದ್ದಾಳೆ, ಮನೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು ನಗುತ್ತಿದ್ದ. ಆ ಸಂಜೆ ಹೋಗಿ ಒಪ್ಪಿಕೊಂಡೆ.

"ಅದಕ್ಕ ಇಷ್ಟು ಓದಬೇಕಾತೇನಪ?" ಎಂದಳು, ಕುದಿಯುವ ನೀರಿಗೆ ಹಿಟ್ಟು ಸುರಿಯುತ್ತಾ. ಮೊಮ್ಮಗಳ ಕಡೆ ತಿರುಗಿ, "ಏ ನನ್ನವ್ವ, ಇನ್ನೊಂದು ಚರಿಗಿ ನೀರು ಇಡು, ಇದು ಕುಡಿತೈತಿ" ಎಂದಳು.

ಸಕ್ಕರೆಯ ಹುಡುಗಿಯ ಸಾಲ ಬಾಕಿ ಉಳಿಯಿತು. ಆಕೆ ಈಗ ಎಲ್ಲಿದ್ದಾಳೋ, ಈ ವಾರಪತ್ರಿಕೆ ಓದುತ್ತಾಳೋ ಇಲ್ಲವೋ. ಉತ್ತರ ಹೀಗಿದೆ ಮಗಳೇ: ಪುಡಿ ಮಾಡಿದ ಸಕ್ಕರೆಯಲ್ಲಿ ಹರಳುಗಳು ಬಹುಪಾಲು ಉಳಿಯುತ್ತವೆ, ಸಣ್ಣದಾಗುತ್ತವೆ, ಅಷ್ಟರ ಮಟ್ಟಿಗೆ ನಾನು ಹೇಳಿದ್ದು ನಿಜ. ಆದರೆ ಏಟು ತಿಂದ ಕಣಗಳ ಮೈಮೇಲಿನ ಪದರದಲ್ಲಿ ಸಾಲು ಮುರಿದು ಗಾಜಿನಂತಾಗುತ್ತದೆ. ಆ ಪದರ ಗಾಳಿಯ ತೇವ ಹೀರಿ, ಮತ್ತೆ ಹರಳುಗಟ್ಟುವಾಗ ಪಕ್ಕದ ಕಣವನ್ನೂ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಪುಡಿಸಕ್ಕರೆ ಗಂಟು ಕಟ್ಟುವುದು ಅದಕ್ಕೇ.